ಗೌಸನ ಹಾಜರಿ

...ಅಥವಾ ಆ ಬೆಳಿಗ್ಗೆ ಚಳಿ ಇರಲೇ ಇಲ್ಲವೇನೋ. ಇತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಂಗಳದಲ್ಲಿ ನಿಂತ ನಮ್ಮ ಬಾಯಿಂದ ಉಗಿ ಬರುತ್ತಿತ್ತು, ಬೀಡಿ ಸೇದುವ ದೊಡ್ಡವರಂತೆ ನಟಿಸುತ್ತಿದ್ದೆವು ಎಂದು ಮಕ್ಕಳಿಗೂ ಹೇಳಿದ್ದೇನೆ. ಆದರೆ ದೀಪಾವಳಿ ಮುಗಿದ ನಾಲ್ಕಾರು ದಿನಕ್ಕೆ ಹುಮನಾಬಾದಿನಲ್ಲಿ ಅಂಥ ಚಳಿ ಬೀಳುವುದಿಲ್ಲ. ಉಗಿ ಬಹುಶಃ ಬೇರೆ ವರ್ಷದ್ದು. ಆ ಕಾಲದ ಬಗ್ಗೆ ಬರೆಯಲು ಕೂತರೆ ಹೀಗೇ ಆಗುತ್ತದೆ, ಒಂದು ವರ್ಷದ ಚಳಿ ಇನ್ನೊಂದು ವರ್ಷದ ಅಂಗಳದಲ್ಲಿ ಬಂದು ನಿಲ್ಲುತ್ತದೆ. ನಮ್ಮ ವಯಸ್ಸಿನವರು ಯಾರಾದರೂ ಓದುತ್ತಿದ್ದರೆ ತಿದ್ದಿಕೊಳ್ಳಲಿ.

ಖಚಿತವಾಗಿ ಗೊತ್ತಿರುವುದು ಇಷ್ಟು. ಅದು 1948ರ ಕೊನೆ. ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಹೋಗಿ ಎರಡು ತಿಂಗಳಾಗಿರಬಹುದು. ಆ ಗಲಾಟೆಯಲ್ಲಿ ದಿಢೀರನೆ ಮುಚ್ಚಿದ್ದ ನಮ್ಮ ಹೈಸ್ಕೂಲು ಮತ್ತೆ ಬಾಗಿಲು ತೆರೆದಿತ್ತು. ನನಗೆ ಹದಿಮೂರು. ನನ್ನ ಊರು ಕಲ್ಯಾಣಿ. ಈಗಿನ ಬಸವಕಲ್ಯಾಣವನ್ನು ಆಗ ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಓದಲು ಹುಮನಾಬಾದಿನ ಸೋದರಮಾವನ ಮನೆಯಲ್ಲಿದ್ದೆ. ಕಲ್ಯಾಣಿಯಲ್ಲಿ ಆ ತರಗತಿ ಇರಲಿಲ್ಲವೋ, ಇದ್ದರೂ ಮಾವನ ಕಣ್ಣೆದುರೇ ಇರಲಿ ಎಂದು ಅಪ್ಪ ಕಳಿಸಿದರೋ, ಈಗ ಕೇಳಲು ಯಾರೂ ಇಲ್ಲ.

ಶಾಲೆಯ ಗೋಡೆಯ ಮೇಲೆ ನಿಜಾಮರ ಪಟ ಇದ್ದ ಕಡೆ ಸುಣ್ಣ ಬೆಳ್ಳಗೆ ಉಳಿದಿತ್ತು. ಬೆಳಗಿನ ಪ್ರಾರ್ಥನೆಗೆ ಹೊಸ ಹಾಡು ಬಂದಿತ್ತು, ಯಾರಿಗೂ ಬರುತ್ತಿರಲಿಲ್ಲ. ಎರಡನೆಯ ಸಾಲಿನಿಂದ ಮುಂದೆ ಎಲ್ಲರೂ ಬರೀ ತುಟಿ ಅಲ್ಲಾಡಿಸುತ್ತಿದ್ದೆವು. ಪಾಠಗಳು ಇನ್ನೂ ಉರ್ದುವಿನಲ್ಲಿ. ಆದರೆ ದಿನಕ್ಕೊಂದು ತಾಸು ಕನ್ನಡ ಎಂದು ಹೆಡ್‌ಮಾಸ್ತರರು ಸಾರಿದ್ದರು. ಮೀಸೆ ಮೂಡಿದ ಹುಡುಗರು ಸಣ್ಣ ಮಕ್ಕಳ ಅಂಕಲಿಪಿ ಹಿಡಿದು ಅ, ಆ ಎಂದು ಕೂಗುತ್ತಿದ್ದರು. ನನಗೆ ಮನೆಯಲ್ಲಿ ಅವ್ವ ಕನ್ನಡ ಅಕ್ಷರ ಕಲಿಸಿದ್ದಳು. ಆ ಒಂದೇ ಕಾರಣಕ್ಕೆ ನಾನು ಇದ್ದಕ್ಕಿದ್ದಂತೆ ದೊಡ್ಡ ಮನುಷ್ಯನಾದೆ. ವರಾಂಡದಲ್ಲಿ ಒಂದು ಕರಿಹಲಗೆ ತೂಗುಹಾಕಿ ದಿನವೂ ಅದರ ಮೇಲೆ ಶಾಲೆಯ ಸುದ್ದಿ ಬರೆಯುವ ಕೆಲಸ ನನಗೆ ಕೊಟ್ಟರು. ಯಾವ ತರಗತಿಯಲ್ಲಿ ಎಷ್ಟು ಹಾಜರಿ, ಬಾವಿಗೆ ಹೊಸ ಹಗ್ಗ ಬಂದದ್ದು, ಸಂಜೆ ವಾಲಿಬಾಲ್ ಇದೆಯೋ ಇಲ್ಲವೋ.

"ಏ ಪಂಡಿತ, ಊಟದ ಸುದ್ದೀನೂ ಬರಿಯಪಾ," ಎಂದು ಮಾಣಿಕ ಚುಡಾಯಿಸುತ್ತಿದ್ದ. ಅವನು ನನ್ನ ಹಿಂದಿನ ಬೆಂಚಿನವನು. "ನಿಮ್ಮತ್ತಿ ಇವತ್ತ ಏನ್ ಪಲ್ಯಾ ಮಾಡ್ಯಾಳ ಬರಿ. ಸೇರಿದ್ರ ಬರ್ತೀನಿ."

ನನ್ನ ಬೆಂಚಿನ ಇನ್ನೊಂದು ಜಾಗ ಖಾಲಿ ಇತ್ತು. ಅದು ಗೌಸನದು.

ಗೌಸ್ ಮೊಹಿಯುದ್ದೀನ್ ನನ್ನೂರಿನವನೇ. ಕಲ್ಯಾಣಿಯಲ್ಲಿ ಅವರ ಮನೆಯವರು ಸೀರೆಗಳಿಗೆ ಬಣ್ಣ ಹಾಕುವವರು. ರಜೆಗೆ ಹೋಗಿ ಬಂದಾಗಲೆಲ್ಲ ಅವನ ಉಗುರು ನೀಲಿಯಾಗಿರುತ್ತಿತ್ತು. ಬಲಗೈ ಮೇಲೆ ಬಣ್ಣದ ಹಂಡೆ ತಾಗಿ ಸುಟ್ಟ ಕಲೆ, ಹುಣಸೆಕಾಯಿಯ ಆಕಾರದ್ದು. ಹುಮನಾಬಾದಿನಲ್ಲಿ ಮಸೀದಿಯ ಹಿಂದೆ ದೂರದ ನೆಂಟನಾದ ಒಬ್ಬ ದರ್ಜಿಯ ಮನೆಯಲ್ಲಿ ಇದ್ದ. ಚಿಣಿಫಣಿ ಆಡುವಾಗ ಮೋಸ ಮಾಡುತ್ತಿದ್ದ. ಸಿಕ್ಕಿಬಿದ್ದರೆ ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ. ದನಿ ನನಗಿಂತ ಮೊದಲು ಒಡೆದಿತ್ತು.

ದನಿಯ ವಿಷಯ ಯಾಕೆ ಹೇಳಿದೆನೆಂದರೆ ನಮ್ಮ ತರಗತಿಯಲ್ಲಿ ಒಂದು ಪದ್ಧತಿ ಇತ್ತು. ನಮ್ಮ ವಿಠ್ಠಲರಾವ್ ಮಾಸ್ತರರ ಕಣ್ಣಿಗೆ ಪೊರೆ ಬಂದಿತ್ತು. ಹಾಜರಿ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಹೆಸರು ಕರೆಯುವರು, 'ಹಾಜರ್' ಎಂಬ ದನಿ ಬಂದರೆ ಮಸಿಯ ಟಾಕಿನಿಂದ ಗುರುತು ಹಾಕುವರು, ತಲೆ ಎತ್ತುತ್ತಿರಲಿಲ್ಲ. ಹಾಗಾಗಿ ಒಂದೇ ಬೆಂಚಿನ ಇಬ್ಬರು ಒಬ್ಬರಿಗೊಬ್ಬರು ಜೋಡಿ. ಒಬ್ಬ ಊರಿಗೆ ಓಡಿದರೆ ಇನ್ನೊಬ್ಬ ಅವನ ದನಿಯಲ್ಲಿ ಹಾಜರ್ ಅನ್ನಬೇಕು. ಹದಿನೈದು ದಿನ ಅರ್ಜಿ ಇಲ್ಲದೆ ಗೈರಾದರೆ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತಿತ್ತು, ಮತ್ತೆ ಸೇರಲು ಅಪ್ಪ ಬಂದು ಹೆಡ್‌ಮಾಸ್ತರರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಹಿಂದಿನ ಚಳಿಗಾಲದಲ್ಲಿ, ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ, ನಾನು ನಾಲ್ಕು ದಿನ ಮಾವನ ಹೊಲದಲ್ಲೇ ಉಳಿದಿದ್ದೆ. ಗೌಸ್ ಮೂಗು ಹಿಡಿದುಕೊಂಡು ನನ್ನ ಕೀರಲು ದನಿ ತೆಗೆದಿದ್ದ. ನಾನು ಅವನಿಗಾಗಿ ಗದ್ದವನ್ನು ಎದೆಗೆ ಒತ್ತಿ ದಪ್ಪ ದನಿ ತೆಗೆಯುತ್ತಿದ್ದೆ.

ಆ ಮೊದಲ ದಿನ ಹೊಸ ಹಾಜರಿ ಪುಸ್ತಕ ಬಂದಿರಲಿಲ್ಲ. ಹಳೆಯದನ್ನೇ ತೆರೆದರು. ಗೋರ್ಟಾ ಕಡೆಯ ಒಬ್ಬ ಹುಡುಗ ಮಳೆಗಾಲಕ್ಕೆ ಮೊದಲೇ ಬರುವುದು ನಿಂತಿದ್ದ. ನಿಜಾಮರ ಪರದ ರಜಾಕಾರರು ಆ ಊರಿನಲ್ಲಿ ಏನು ಮಾಡಿದರೆಂದು ದೊಡ್ಡವರು ಮಾತಾಡುವುದನ್ನು ನಾವು ಕದ್ದು ಕೇಳಿದ್ದೆವು. ಅವನ ಹೆಸರಿನ ಮೇಲೆ ಆಗಲೇ ಕೆಂಪು ಗೆರೆ ಇತ್ತು. ಸೈನ್ಯ ಬಂದ ಮೇಲೆ ಏಟು ಮುಸಲ್ಮಾನರ ಕಡೆಗೆ ತಿರುಗಿತ್ತು. ಈಗ ಮಾಸ್ತರರು ಕರೆಯುವ ಹೆಸರುಗಳಲ್ಲಿ ಎಷ್ಟಕ್ಕೋ ದನಿ ಬರಲಿಲ್ಲ. ಅವರು ಪ್ರತಿ ಹೆಸರಿಗೂ ಕಾದರು. ಮೊದಲು ಹಾಗೆ ಕಾಯುತ್ತಿರಲಿಲ್ಲ.

"ಗೌಸ್ ಮೊಹಿಯುದ್ದೀನ್."

ನಾನು ಯೋಚಿಸಲಿಲ್ಲ. ಗದ್ದ ತಾನಾಗಿ ಎದೆಗೆ ಒತ್ತಿಕೊಂಡಿತು.

"ಹಾಜರ್, ಜನಾಬ್."

ಟಾಕು ಒಂದು ಗಳಿಗೆ ನಿಂತಿತು ಎಂದು ಈಗ ಅನಿಸುತ್ತದೆ. ಆಗ ಅನಿಸಿತ್ತೋ ಇಲ್ಲವೋ ಹೇಳಲಾರೆ. ಗುರುತು ಬಿತ್ತು. ಮುಂದಿನ ಹೆಸರು.

ಹಿಂದಿನಿಂದ ಮಾಣಿಕ ಬೆನ್ನಿಗೆ ತಿವಿದ. "ಎಲ್ಲಿ ಅದಾನಲೇ ಅವ?"

"ಬರ್ತಾನ."

"ಯಾವಾಗ?"

"ಬರ್ತಾನಂದ್ರ ಬರ್ತಾನ. ಹೆಸರು ಹೋಗಬಾರ್ದು."

ಮರುದಿನವೂ ಹೇಳಿದೆ. ಅದರ ಮರುದಿನವೂ. ನಿಲ್ಲಿಸಿದ ದಿನವೇ ಅವನು ಹೋದ ದಿನ ಆಗಿಬಿಡುತ್ತದೆ ಎಂಬಂಥ ಭಯ ಹಿಡಿಯಿತು. ವರಾಂಡದ ಹಲಗೆಯ ಮೇಲೆ ನಮ್ಮ ತರಗತಿಯ ಹಾಜರಿಯನ್ನು ನಾನೇ ಬರೆಯುತ್ತಿದ್ದೆ. ತಲೆ ಎಣಿಸಿದರೆ ಒಂದು ಕಡಿಮೆ, ಹಲಗೆಯಲ್ಲಿ ಒಂದು ಹೆಚ್ಚು.

ಅವನನ್ನು ಕೊನೆಗೆ ನೋಡಿದ್ದು ಎಲ್ಲಿ ಎಂದು ಕೇಳಿದರೆ ನನ್ನ ಹತ್ತಿರ ಒಂದು ಚಿತ್ರ ಇದೆ. ಶಾಲೆ ಮುಚ್ಚಿದ ದಿನ, ಮೋಟಾರ್ ಸ್ಟ್ಯಾಂಡಿನಲ್ಲಿ, ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದಾನೆ. ಮಾವ ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಾನೆ. "ನೀ ಮುಂದ ಹೋಗು, ನಾ ನಾಳಿ ಬರ್ತೀನಿ," ಅನ್ನುತ್ತಾನೆ ಗೌಸ್. ಆದರೆ ಆ ಪೆಟ್ಟಿಗೆ ನನ್ನದು, ಅದೇ ಹಸಿರು ಬಣ್ಣ. ಅವನ ಹತ್ತಿರ ಪೆಟ್ಟಿಗೆ ಇರಲೇ ಇಲ್ಲ, ಬಟ್ಟೆಯ ಗಂಟು ಇತ್ತು. ಪೆಟ್ಟಿಗೆ ಸುಳ್ಳಾದರೆ ಮಾತು ನಿಜವೆಂದು ಹೇಗೆ ನಂಬಲಿ?

ಎಷ್ಟನೆಯ ದಿನವೋ, ಅವನ ತಾಯಿ ಬಂದಳು.

ನಾನು ಆಕೆಯನ್ನು ಖಾಲಾ ಎನ್ನುತ್ತಿದ್ದೆ. ಜೊತೆಗೆ ಆಕೆಯ ತಮ್ಮ, ಗೌಸನ ಮಾಮು, ಉದ್ದನೆಯ, ಮಾತು ಕಡಿಮೆಯ ಮನುಷ್ಯ. ಇಷ್ಟು ದಿನ ಆಕೆ ಮಗ ಹುಮನಾಬಾದಿನಲ್ಲೇ ದರ್ಜಿಯ ಮನೆಯಲ್ಲಿ ಇದ್ದಾನೆ ಎಂದುಕೊಂಡಿದ್ದಳು. ದರ್ಜಿ ಹುಡುಗ ಊರು ಮುಟ್ಟಿದ್ದಾನೆ ಎಂದುಕೊಂಡು ಬೀಗ ಹಾಕಿ ಹೈದರಾಬಾದಿಗೆ ಹೋಗಿಬಿಟ್ಟಿದ್ದ. ದಾರಿಯ ಭಯಕ್ಕೆ ಅವರ ಮನೆಯವರು ಯಾರೂ ಕಲ್ಯಾಣಿಯಿಂದ ಇಲ್ಲಿಗೆ ಬಂದಿರಲಿಲ್ಲ. ಇಬ್ಬರೂ ನೇರ ಹೆಡ್‌ಮಾಸ್ತರರ ಕೋಣೆಗೆ ಹೋದರು. ಜವಾನ ಬಂದು ನಮ್ಮ ಹಾಜರಿ ಪುಸ್ತಕ ಒಯ್ದ.

ಸ್ವಲ್ಪ ಹೊತ್ತಿಗೆ ವರಾಂಡದಲ್ಲಿ ಖಾಲಾಳ ದನಿ ಕೇಳಿತು. ಆಕೆ ಅಳುತ್ತಿದ್ದಳು, ನಗುತ್ತಿದ್ದಳು, ಎರಡೂ.

"ಅದಾನಂತ! ಯಾ ಅಲ್ಲಾ, ಅದಾನಂತ! ನಿನ್ನಿತನಾ ಹಾಜರ್ ಬರದದಂತ ಕಿತಾಬಿನ್ಯಾಗ!"

ಹಾಜರಿ ಇನ್ನೂ ಕರೆದಿರಲಿಲ್ಲ. ಕಿಟಕಿಯಲ್ಲಿ ನನ್ನನ್ನು ಕಂಡಳು. ಒಳಗೇ ಕೈ ಚಾಚಿ ನನ್ನ ಗಲ್ಲ ಸವರಿದಳು. ಆಕೆಯ ಕೈಗೆ ಯಾವಾಗಲೂ ಇರುತ್ತಿದ್ದ ಬಣ್ಣದ ಕಟು ವಾಸನೆ ಇರಲಿಲ್ಲ. ಬಹಳ ದಿನದಿಂದ ಹಂಡೆಗೆ ಬೆಂಕಿ ಹಚ್ಚಿರಲಿಲ್ಲ ಅಂತ ಕಾಣುತ್ತದೆ.

"ಬೇಟಾ ಶರಣೂ, ನಮ್ಮ ಗೌಸ್ ಎಲ್ಲೋ?"

ಇಡೀ ತರಗತಿ ನನ್ನ ಬೆನ್ನು ನೋಡುತ್ತಿತ್ತು.

"ಇವತ್ತ ಬಂದಿಲ್ರಿ ಖಾಲಾ," ಎಂದೆ.

ಅದು ಸುಳ್ಳಲ್ಲ. ಅದೇ ಅದರ ಕೇಡು.

"ಎಲ್ಲಿ ಇರ್ತಾನಪಾ ಈಗ? ದರ್ಜಿ ಮನಿಗೆ ಕುಲುಪು ಅದ."

"ಗೊತ್ತಿಲ್ರಿ."

"ಬದ್ಮಾಶ್. ಅಮ್ಮನ್ನ ಇಷ್ಟ್ ಗೋಳಾಡಸ್ತಾನ. ಬರ್ಲಿ ಅಂವ, ಕಿವಿ ಹರದು ಕೈಯಾಗ ಕೊಡ್ತೀನಿ."

ಆಕೆ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತಳು. ಮಾಮು ರಸ್ತೆಯ ಕಡೆ ಹೋಗಿ ಯಾರಿಗೋ ಕೈ ಬೀಸಿ ಬಂದ. ಲಾರಿಯೊಂದು ಹೊರಟ ಸದ್ದು ಕೇಳಿತು. ಅದರ ಅರ್ಥ ನನಗೆ ಆಗ ಗೊತ್ತಿರಲಿಲ್ಲ.

ಅವರು ದರ್ಜಿಯ ಮನೆಯ ಜಗುಲಿಯ ಮೇಲೆ ಉಳಿದರು. ದಿನವೂ ಶಾಲೆಯ ಹೊತ್ತಿಗೆ ಖಾಲಾ ಕಟ್ಟೆಗೆ ಬಂದು ಕೂರುವಳು. ನಾನು ಹಾಜರ್ ಅನ್ನುವುದನ್ನು ನಿಲ್ಲಿಸಿದೆ. ಮಾಸ್ತರರು ಆ ಹೆಸರು ಕರೆದು, ಕಾದು, ಮುಂದೆ ಹೋಗುತ್ತಿದ್ದರು. ಎರಡನೆಯ ದಿನವೋ ಮೂರನೆಯ ದಿನವೋ, ನಡುವಿನ ಬಿಡುವಿನಲ್ಲಿ ಆಕೆ ನನ್ನನ್ನು ಕರೆದು ಬಟ್ಟೆ ಬಿಚ್ಚಿ ಮಲೀದಾ ಕೊಟ್ಟಳು. ರೊಟ್ಟಿ ಪುಡಿಮಾಡಿ ಬೆಲ್ಲ ತುಪ್ಪ ಕಲೆಸಿದ್ದು. ನಮ್ಮ ಮನೆಯಲ್ಲಿ ಅದನ್ನೇ ಮಾದಲಿ ಅನ್ನುತ್ತಿದ್ದೆವು. ಮಗನಿಗೆಂದು ಕಲ್ಯಾಣಿಯಿಂದ ಕಟ್ಟಿ ತಂದದ್ದು.

"ಅಂವ ಬರೋತನಾ ಕೆಡ್ತದ. ನೀ ತಿನ್ನು ಬೇಟಾ. ಅಂವ್ಗ ಮತ್ತ ಮಾಡಿ ಕೊಡ್ತೀನಿ."

ನಾನು ತಿಂದೆ. ಹಸಿವಿತ್ತು. ತುಪ್ಪ ಸ್ವಲ್ಪ ಕನರಿತ್ತು. ಇದರಲ್ಲಿ ನನಗೆ ಅನುಮಾನವಿಲ್ಲ, ನಾಲಿಗೆಗೆ ಈಗಲೂ ಗೊತ್ತಾಗುತ್ತದೆ.

ತಿನ್ನುತ್ತಿದ್ದಾಗಲೇ ಮಾಮು ಅಕ್ಕನಿಗೆ ಹೇಳಿದ: "ಆಪಾ, ಸೊಲ್ಲಾಪುರಕ್ಕ ಹೋಗಿ ಬಂದಿದ್ರ ಛಲೋ ಇತ್ತೇನೋ. ಲಾರಿ ಇನ್ನ ಯಾವಾಗ ಸಿಗ್ತದೋ."

"ಯಾಕ ಬೇಕು ಸೊಲ್ಲಾಪುರ? ಇಲ್ಲೇ ಅದಾನಂತ ಬರದದಲ್ಲ."

ನಾನು ಕೇಳಿದೆ, ಮಾಮು ಹೇಳಿದ. ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಹೆಸರು ಹೇಳಲಾರದ ಹುಡುಗನೊಬ್ಬ ಮಲಗಿದ್ದಾನೆ, ಜ್ವರ, ಬಲಗೈ ಮೇಲೆ ಸುಟ್ಟ ಕಲೆ ಇದೆ ಎಂದು ಅತ್ತಿಂದ ಬಂದ ವ್ಯಾಪಾರಿಯೊಬ್ಬ ಕಲ್ಯಾಣಿಯಲ್ಲಿ ಹೇಳಿದ್ದನಂತೆ. ಅವರು ಹೊರಟದ್ದು ಅಲ್ಲಿಗೇ. ಸೊಲ್ಲಾಪುರದ ಲಾರಿ ಹುಮನಾಬಾದಿನಿಂದಲೇ ಹೊರಡುವುದಿತ್ತು, ಹತ್ತುವ ಮೊದಲು ಶಾಲೆಯಲ್ಲಿ ಒಂದು ಮಾತು ಕೇಳಿ ಹೋಗೋಣವೆಂದು ಬಂದಿದ್ದರು. ಪುಸ್ತಕದಲ್ಲಿ ಹಾಜರಿ ಕಂಡ ಮೇಲೆ ಲಾರಿಯನ್ನು ಕಳಿಸಿಬಿಟ್ಟಿದ್ದರು.

ಉಳಿದ ಮಲೀದಾವನ್ನು ಬಟ್ಟೆಯಲ್ಲಿ ಕಟ್ಟಿ ಆಕೆಯ ಕೈಗೆ ಕೊಟ್ಟೆ.

ಸಂಜೆ ಶಾಲೆ ಬಿಟ್ಟ ಮೇಲೆ ವಿಠ್ಠಲರಾವ್ ಮಾಸ್ತರರ ಮುಂದೆ ಹೋಗಿ ನಿಂತೆ. ಅವರು ಕನ್ನಡಕ ಒರೆಸುತ್ತಿದ್ದರು.

"ಮಾಸ್ತರ್ರ, ಗೌಸ್ ಬಂದೇ ಇಲ್ರಿ. ಒಂದು ದಿನಾನೂ ಬಂದಿಲ್ರಿ. ಹಾಜರ್ ಅಂದಾಂವ ನಾನಽ."

ಹೊಡೆಯುತ್ತಾರೆ ಎಂದು ಕೈ ಮುಂದೆ ಮಾಡಿದ್ದೆ. ಅವರು ಆ ಕೈಯನ್ನು ನೋಡುತ್ತಾ ಕೂತರು.

"ಗೊತ್ತದ," ಎಂದರು.

"ಗೊತ್ತದರೀ?"

"ಕಣ್ಣ ಹೋಗ್ಯಾವೋ ತಮ್ಮಾ, ಕಿವಿ ಹೋಗಿಲ್ಲ. ಮದಲಿಂದ ನಿಮ್ಮ ಜೋಡಿ ಆಟ ಕೇಳಾಕತ್ತೀನಿ."

"ಮತ್ತ ಯಾಕ ಗುರುತು ಹಾಕಿದ್ರಿ?"

"ಆ ಪುಸ್ತಕದಾಗ ಇನ್ನ ಎಷ್ಟ ಹೆಸರಿಗೆ ಕೆಂಪು ಗೆರಿ ಹೊಡೀಲೋ? ಒಂದರೇ ಉಳೀಲಿ ಅಂತ ಬಿಟ್ಟೆ." ಕನ್ನಡಕ ಹಾಕಿಕೊಂಡು, "ತಾಯಿ ಬಂದು ಅದನ್ನ ಓದಸ್ತಾಳಂತ ಯಾರಿಗ್ ಗೊತ್ತಿತ್ತು," ಎಂದರು.

ಅವರು ಹೆದರಿದ್ದರು. ಸುಳ್ಳು ಹಾಜರಿ ಹಾಕಿದ್ದು ಹೊರಬಿದ್ದರೆ ಕೆಲಸ ಹೋಗುವ ಕಾಲ ಅದು. ಆದರೂ ಕೋಲು ಹಿಡಿದು ಎದ್ದರು. ನಾನು ಕೈ ಹಿಡಿದು ದಾರಿ ತೋರಿಸುತ್ತಾ ಅವರನ್ನು ದರ್ಜಿಯ ಜಗುಲಿಗೆ ಕರೆದೊಯ್ದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಮಾಸ್ತರರು ಎಲ್ಲವನ್ನೂ ಹೇಳಿದರು. ತಪ್ಪು ತಮ್ಮದೆಂದೂ, ಹುಡುಗ ತಿಳಿಯದೆ ಮಾಡಿದ್ದೆಂದೂ, ನಾಳೆಯೇ ಸೊಲ್ಲಾಪುರಕ್ಕೆ ಹೊರಡಬೇಕೆಂದೂ ಹೇಳಿದರು.

ಖಾಲಾ ಕೇಳಿಸಿಕೊಂಡಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಮಾಸ್ತರ್ ಸಾಬ್, ಸರ್ಕಾರಿ ಕಿತಾಬು ಸುಳ್ಳ ಹೇಳ್ತದೇನ್ರಿ?"

"ಬರದಾಂವ ನಾನಽ ಅವ್ವಾ. ನಾನಽ ಹೇಳಾಕತ್ತೀನಲ್ಲ."

"ಹೆಡ್‌ಮಾಸ್ತರ್ ತಾರೀಖು ಸಮೇತ ಓದಿ ಹೇಳ್ಯಾರ. ಒಂದಲ್ಲ, ಎರಡಲ್ಲ, ಅಷ್ಟೂ ದಿನ." ಆಕೆ ನನ್ನ ಕಡೆ ತಿರುಗಿದಳು. ದನಿ ಇಳಿಯಿತು. "ಶರಣೂ, ಯಾರರೆ ಏನರೆ ಅಂದಾರೇನೋ? ಹೇಳಬ್ಯಾಡ ಅಂದಾರೇನು? ಅಂವನ್ನ ಎಲ್ಲಿ ಮುಚ್ಚಿ ಇಟ್ಟೀರಿ ಹೇಳು ಬೇಟಾ. ನಾ ಯಾರಿಗೂ ಹೇಳಂಗಿಲ್ಲ. ಒಂದ್ ಸಲ ಮಾರಿ ನೋಡಿ ಹೊಕ್ಕೀನಿ."

ನಾನು ಆಕೆಯ ಕಾಲು ಹಿಡಿದೆ ಎಂದು ನೆನಪು. ಹಿಡಿಯದೆಯೂ ಇರಬಹುದು, ಹಿಡಿಯಬೇಕಿತ್ತು ಎಂದು ಆಮೇಲೆ ಸಾವಿರ ಸಲ ಅಂದುಕೊಂಡಿದ್ದೇನೆ, ಅದೇ ಗಟ್ಟಿಯಾಗಿ ನೆನಪಿನಂತೆ ಕೂತಿರಬಹುದು. ಅವನ ದನಿ ತೆಗೆದು ತೋರಿಸಿದೆ. ಗದ್ದ ಒತ್ತಿ ಹಾಜರ್ ಅಂದೆ. ಅದು ಆಕೆಗೆ ಗೌಸನ ದನಿಯಂತೆ ಕೇಳಲೇ ಇಲ್ಲ.

"ಹಿಂಗ ಮಾತಾಡ್ತಾನೇನೋ ನನ್ನ ಮಗ?" ಎಂದಳು.

ಸುಳ್ಳನ್ನು ಒಂದು ಗಳಿಗೆಯಲ್ಲಿ ನಂಬಿಸಿದ್ದೆ. ನಿಜವನ್ನು ನಂಬಿಸಲು ಇಬ್ಬರು ಸೇರಿದರೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಕಟ್ಟೆಯ ಮೇಲೆ ಕೂರಲಿಲ್ಲ. ಬಂದು ನಮ್ಮ ತರಗತಿಯ ಕಿಟಕಿಯ ಹೊರಗೆ ನಿಂತಳು, ಹಾಜರಿಯನ್ನು ತಾನೇ ಕೇಳುವುದಕ್ಕೆ. ಮಾಸ್ತರರಿಗೆ ಯಾರೋ ಹೇಳಿದರು. ಅವರು ಪುಸ್ತಕ ತೆರೆದು ಮೊದಲ ಹೆಸರು ಕರೆಯಲು ಬಹಳ ಹೊತ್ತು ತೆಗೆದುಕೊಂಡರು. ಅಂದು ಇನ್ನೊಬ್ಬರ ಹಾಜರಿಯನ್ನು ಯಾರೂ ಹೇಳಲಿಲ್ಲ, ಎಲ್ಲರೂ ತಮ್ಮ ತಮ್ಮ ದನಿಯಲ್ಲೇ ಹೇಳಿದರು. ಹೆಸರುಗಳು ಒಂದೊಂದೇ ಹತ್ತಿರ ಬಂದವು.

"ಗೌಸ್ ಮೊಹಿಯುದ್ದೀನ್."

ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ನಾನು ತುಟಿ ಕಚ್ಚಿ ಕೂತಿದ್ದೇನೆ, ಹೊರಗೆ ಬಳೆಗಳ ಸದ್ದು ನಿಲ್ಲುತ್ತದೆ. ಇನ್ನೊಂದರಲ್ಲಿ ಆಕೆಯ ಮುಖ ನೋಡಲಾಗದೆ, ಮತ್ತೆ ಹಾಜರ್ ಅಂದುಬಿಡುತ್ತೇನೆ, ನನ್ನದೇ ಕೀರಲು ದನಿಯಲ್ಲಿ. ಎರಡೂ ಒಂದೇ ಬೆಳಕಿನಲ್ಲಿ ನಡೆಯುತ್ತವೆ. ಮಾಣಿಕ ಮುದುಕನಾದ ಮೇಲೆ ಸಿಕ್ಕಾಗ ಮೂರನೆಯದನ್ನು ಹೇಳಿದ. ಯಾರೂ ಮಾತಾಡದಿದ್ದಾಗ ಕಿಟಕಿಯ ಹೊರಗಿನಿಂದ ಆಕೆಯೇ ಹಾಜರ್ ಅಂದಳಂತೆ. ಅವನು ಆಣೆ ಮಾಡಿದ. ನಾನು ನಂಬುವುದಿಲ್ಲ. ಅದು ಹೇಳಲು ತೀರಾ ಚೆನ್ನಾಗಿದೆ. ಅಂಥವನ್ನು ನಾವು ಆಮೇಲೆ ಮಾಡಿಕೊಳ್ಳುತ್ತೇವೆ.

ಅಂದೇ ಮಾಮು ಒಬ್ಬನೇ ಸಿಕ್ಕ ಲಾರಿ ಹತ್ತಿ ಸೊಲ್ಲಾಪುರಕ್ಕೆ ಹೋದ. ಖಾಲಾ ಹೋಗಲಿಲ್ಲ. ತಾನು ಅತ್ತ ಹೋದಾಗ ಮಗ ಇತ್ತ ಬಂದರೆ ಎಂದು ಕಟ್ಟೆಯ ಮೇಲೆಯೇ ಕಾದಳು. ಮೂರು ದಿನಕ್ಕೋ ನಾಲ್ಕು ದಿನಕ್ಕೋ ಮಾಮು ತಿರುಗಿ ಬಂದ. ದವಾಖಾನೆಯ ಒಬ್ಬ ಆಯಾ ಹೇಳಿದ್ದಳಂತೆ, ಅಂಥ ಹುಡುಗ ಇದ್ದ, ಎರಡು ದಿನದ ಹಿಂದೆ ಯಾರೋ ಬಂದು ನಮ್ಮವನು ಎಂದು ಕರೆದುಕೊಂಡು ಹೋದರು ಎಂದು. ಇನ್ನೊಬ್ಬ ಹೇಳಿದನಂತೆ, ಕರೆದುಕೊಂಡು ಹೋಗಲಿಲ್ಲ, ಹೊತ್ತುಕೊಂಡು ಹೋದರು ಎಂದು. ಮೂರನೆಯವನು ಅಂಥವನು ಇರಲೇ ಇಲ್ಲ ಎಂದನಂತೆ. ಮಾಮು ಇದನ್ನೆಲ್ಲ ಮಾಸ್ತರರಿಗೆ ಹೇಳುತ್ತಿದ್ದಾಗ ನಾನು ಬಾಗಿಲ ಹಿಂದೆ ಇದ್ದೆ. ಅಕ್ಕನಿಗೆ ಇದರಲ್ಲಿ ಯಾವುದನ್ನು ಹೇಳಿದನೋ, ನಾನು ಕೇಳಲಿಲ್ಲ.

ಆ ವಾರವೇ ಅವರು ಹೋದರು. ಸಂಕ್ರಾಂತಿಗೆ ನಾನು ಕಲ್ಯಾಣಿಗೆ ಹೋದಾಗ ಅವರ ಮನೆಯ ಹಿತ್ತಲಲ್ಲಿ ಬಣ್ಣದ ಹಂಡೆಗಳು ಬೋರಲು ಬಿದ್ದಿದ್ದವು. ಹೈದರಾಬಾದಿಗೆ ಹೋದರು ಎಂದರು ಪಕ್ಕದವರು, ಅಥವಾ ಇನ್ನೂ ಆಚೆಗೆ. ಆಮೇಲೆ ಶಾಲೆಯಲ್ಲಿ ಹೊಸ ಪುಸ್ತಕ ಬಂತು, ಅದರಲ್ಲಿ ಬರೀ ಇದ್ದವರ ಹೆಸರು. ತರಗತಿ ಚಿಕ್ಕದಾಯಿತು. ಜೋಡಿಗಳು ಮುರಿದು ಯಾರೋ ಯಾರದೋ ಪಕ್ಕ ಕೂತೆವು. ಒಬ್ಬರ ಬದಲು ಇನ್ನೊಬ್ಬರು ದನಿ ಕೊಡುವುದು ತಾನಾಗಿ ನಿಂತುಹೋಯಿತು, ಯಾರೂ ಬೇಡ ಎಂದಿರಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಮಾಸ್ತರರೂ ಕಣ್ಣಿನ ಕಾರಣ ಹೇಳಿ ಮನೆಗೆ ಹೋದರು. ಆ ಹುಡುಗರಲ್ಲಿ ಎಷ್ಟೋ ಜನರ ಮುಖ ಈಗ ನನಗೆ ಬರುವುದಿಲ್ಲ, ಹೆಸರು ಕರೆದ ಕ್ರಮ ಮಾತ್ರ ಬರುತ್ತದೆ.

ಕಳೆದುಹೋದ ದಿನಗಳನ್ನು ನಾನು ಲೆಕ್ಕ ಹಾಕಿ ನೋಡಿದ್ದೇನೆ. ಆ ಮೊದಲ ಲಾರಿ ಹೊರಟ ದಿನಕ್ಕೂ ಮಾಮು ಸೊಲ್ಲಾಪುರ ಮುಟ್ಟಿದ ದಿನಕ್ಕೂ ನಡುವೆ ನಾಲ್ಕು ದಿನ, ಹೆಚ್ಚೆಂದರೆ ಐದು. ಆಯಾ ಹೇಳಿದ್ದು ನಿಜವಾದರೆ, ಅವರು ಮೊದಲ ದಿನವೇ ಹೋಗಿದ್ದರೆ ಆ ಹುಡುಗ ಅಲ್ಲಿ ಇರುತ್ತಿದ್ದ. ಅವನು ಗೌಸ್ ಆಗಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.